ನಮ್ಮ ಆಂಪ್ಲಿಫೈಯರಿನ ಹಮ್ಮು ಇಳಿಸಿದ್ದು ಹೀಗೆ

ಕನ್ನಡದಲ್ಲಿ 'ಹಮ್ಮು' ಅಂದ್ರೆ ಅಹಂಕಾರ ಅಂತ ನಮಗೆ ಗೊತ್ತಾಗಿದ್ದೇ ಕಳೆದ ಅಕ್ಟೋಬರಿನಲ್ಲಿ. "ನಾವು ಮಾಡಿದ ಆಂಪ್ಲಿಫೈಯರಲ್ಲಿ ತುಂಬಾ ಹಮ್ ಇದೆ, ಯಾರಿಗಾದ್ರೂ ಗೊತ್ತಾ ಏನ್ ಮಾಡೋದು ಅಂತ?" ಎಂದು ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆವು. ಫೈನಲ್ ಇಯರಿನ ಅಕ್ಕ ಒಬ್ಬರು "ಮಾಡಿದವರಿಗೇ ಅಷ್ಟು ಹಮ್ಮು ಇರುವಾಗ ಮಾಡಿದ ಡಬ್ಬಕ್ಕೆ ಇರಲ್ವಾ?" ಅಂತ ಉತ್ತರ ಕೊಟ್ಟರು. ನಾವು ಮೂವರೂ ಇಂಗ್ಲಿಷ್ ಮೀಡಿಯಂನವರು. ಜೋಕ್ ಅರ್ಥ ಮಾಡಿಕೊಳ್ಳೋಕೆ ನಿಘಂಟು ತೆಗೆದು ನೋಡಬೇಕಾಯ್ತು.

ಅವರು ಹೇಳಿದ್ದರಲ್ಲಿ ಸತ್ಯವೂ ಇತ್ತು. ರಾಜ್ಯೋತ್ಸವದ ವಾರದ ಕವಿಗೋಷ್ಠಿಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ತರೋದು ಬೇಡ, ನಾವೇ ಮಾಡ್ತೀವಿ ಅಂತ ಮೀಟಿಂಗಿನಲ್ಲಿ ಕೈ ಎತ್ತಿದ್ದು ನಾವೇ. ಸೆಕೆಂಡ್ ಇಯರ್ ಇಸಿ, ಅನಲಾಗ್ ಲ್ಯಾಬಿನಲ್ಲಿ ಎರಡು ಎಕ್ಸ್‌ಪೆರಿಮೆಂಟ್ ಸರಿಯಾಗಿ ಬಂದಿದ್ದವು, ಅಷ್ಟೇ ನಮ್ಮ ಬಂಡವಾಳ. ಎಸ್.ಪಿ. ರೋಡಿಗೆ ಹೋಗಿ ಸಾಮಾನು ತಂದು ಒಂದು ವಾರದಲ್ಲಿ ಡಬ್ಬ ಕಟ್ಟಿಯೂ ಆಯ್ತು. ಮೈಕ್ ಹಾಕಿದರೆ ಧ್ವನಿ ಚೆನ್ನಾಗಿಯೇ ಬರ್ತಿತ್ತು. ಆದ್ರೆ ಧ್ವನಿಯ ಹಿಂದೆ ಯಾರೋ ಕೇಳದೇನೇ ತಂಬೂರಿ ಹಿಡಿದು ಕೂತ ಹಾಗೆ ಒಂದು 'ಗುಂಯ್'.

ಹಾಡಿನ ಕಾರ್ಯಕ್ರಮ ಆಗಿದ್ದರೆ ಹೇಗೋ ಮುಚ್ಚಿಹೋಗ್ತಿತ್ತು. ಕವಿತೆ ಓದುವವರು ಸಾಲು ಸಾಲಿಗೂ ಸ್ವಲ್ಪ ನಿಲ್ಲಿಸ್ತಾರೆ. ಅವರು ನಿಲ್ಲಿಸಿದ ಕಡೆಯಲ್ಲೆಲ್ಲ ನಮ್ಮ ಡಬ್ಬ ಶುರುಮಾಡುತ್ತೆ. ಅದಕ್ಕೇ ಇದನ್ನು ಸರಿಮಾಡಲೇಬೇಕಿತ್ತು. ಸರಿಮಾಡಿದ್ದು ಹೇಗೆ, ನಡುವೆ ಎಂಥ ದೊಡ್ಡ ತಪ್ಪು ಮಾಡಿದೆವು ಅನ್ನೋದನ್ನೆಲ್ಲ ಇಲ್ಲಿ ಬರೀತಿದ್ದೀವಿ. ಮಿನಿ ಪ್ರಾಜೆಕ್ಟಿಗೆ ಆಂಪ್ಲಿಫೈಯರ್ ತಗೊಳ್ಳೋರು ಪ್ರತಿ ವರ್ಷ ಇದ್ದೇ ಇರ್ತಾರೆ, ಅವರಿಗೆ ಉಪಯೋಗಕ್ಕೆ ಬರಲಿ.

ಡಬ್ಬದೊಳಗೆ ಏನಿದೆ

ಮೊದಲು ನಮ್ಮ ಸರ್ಕ್ಯೂಟ್ ಹೇಳಿಬಿಡ್ತೀವಿ. 12-0-12 ವೋಲ್ಟಿನ, 2 ಆಂಪಿಯರಿನ ಮಾಮೂಲಿ ಟ್ರಾನ್ಸ್‌ಫಾರ್ಮರ್. ಅದರ ನಂತರ ಬ್ರಿಡ್ಜ್ ರೆಕ್ಟಿಫೈಯರ್, ಎರಡು ಫಿಲ್ಟರ್ ಕೆಪಾಸಿಟರ್. ಇದರಿಂದ ಹೆಚ್ಚುಕಡಿಮೆ ಪ್ಲಸ್ 16 ಮತ್ತು ಮೈನಸ್ 16 ವೋಲ್ಟ್ ಸಿಗುತ್ತೆ. ಪವರ್ ಆಂಪ್ಲಿಫೈಯರಿಗೆ ಟಿಡಿಎ 2030ಎ ಚಿಪ್. ಫೀಡ್‌ಬ್ಯಾಕಿಗೆ 22 ಕಿಲೋಓಮ್ ಮತ್ತು 680 ಓಮ್ ರೆಸಿಸ್ಟರ್, ಅಂದ್ರೆ ಗೇನ್ ಸುಮಾರು 33. 8 ಓಮ್ ಸ್ಪೀಕರಿಗೆ 10 ವ್ಯಾಟ್ ಆಸುಪಾಸು ಕೊಡುತ್ತೆ. ಮೈಕಿನ ಸಿಗ್ನಲ್ ಕೆಲವೇ ಮಿಲಿವೋಲ್ಟ್ ಇರೋದರಿಂದ ಅದಕ್ಕೆ ಮುಂಚೆ 4558 ಆಪ್‌ಆಂಪಿನ ಒಂದು ಪ್ರೀಆಂಪ್, ಗೇನ್ 100. ಪ್ರೀಆಂಪಿಗೂ ಪವರ್ ಆಂಪಿಗೂ ನಡುವೆ ವಾಲ್ಯೂಮ್ ಕಂಟ್ರೋಲ್. ಹಾಡು ಹಾಕೋಕೆ ಲ್ಯಾಪ್‌ಟಾಪಿನಿಂದ ಒಂದು ಲೈನ್ ಕೂಡ ಅಲ್ಲಿಗೇ ಬರುತ್ತೆ. ಇದೆಲ್ಲ ಹಳೆಯ ಸ್ಟೆಬಿಲೈಜರಿನ ತಗಡಿನ ಡಬ್ಬದಲ್ಲಿ.

ವಾಲ್ಯೂಮ್ ಕಂಟ್ರೋಲ್ ಎಲ್ಲಿದೆ ಅನ್ನೋದು ನೆನಪಿರಲಿ, ಮುಂದೆ ಅದು ಬೇಕಾಗುತ್ತೆ.

ಎಲ್ಲರೂ ಮಾಡೋ ತಪ್ಪನ್ನೇ ಮಾಡಿದೆವು

ಹಮ್ ಬಂತು ಅಂದ ತಕ್ಷಣ ಹಾಸ್ಟೆಲಿನಲ್ಲಿ ಹತ್ತು ಜನ ಹೇಳಿದ್ದು ಒಂದೇ ಮಾತು, "ಮಗಾ, ಫಿಲ್ಟರ್ ಕೆಪಾಸಿಟರ್ ಸಾಲಲ್ಲ, ದೊಡ್ಡದು ಹಾಕು." ನಾವೂ ಹಾಕಿದೆವು. 1000 ಮೈಕ್ರೋಫ್ಯಾರಡ್ ತೆಗೆದು 4700 ಹಾಕಿದೆವು. ಅವು ದಪ್ಪ, ಬೋರ್ಡಿನ ಮೇಲೆ ಕೂರಲಿಲ್ಲ. ಡಬ್ಬದ ತಳಕ್ಕೆ ಅಂಟಿಸಿ ವೈರ್ ಎಳೆದೆವು.

ಆನ್ ಮಾಡಿದರೆ ಹಳೆಯ ಗುಂಯ್ ಹಾಗೇ ಇದೆ. ಅದರ ಮೇಲೆ ಹೊಸದಾಗಿ ಒಂದು 'ಜರ್ರ್' ಬೇರೆ ಸೇರಿಕೊಂಡಿದೆ!

ದೊಡ್ಡ ಕೆಪಾಸಿಟರ್ ಹಾಕಿದ್ರೆ ರಿಪಲ್ ಕಡಿಮೆ ಆಗಲೇಬೇಕಲ್ವಾ? ಆಗುತ್ತೆ. ಲೆಕ್ಕ ಸುಲಭ. ನಮ್ಮ ಮೇನ್ಸ್ 50 ಹರ್ಟ್ಸ್, ಫುಲ್ ವೇವ್ ರೆಕ್ಟಿಫೈಯರ್ ಆದ್ದರಿಂದ ಸೆಕೆಂಡಿಗೆ 100 ಸಲ ಚಾರ್ಜ್ ಆಗುತ್ತೆ. ಲೋಡ್ ಕರೆಂಟನ್ನು 100ರಿಂದಲೂ ಕೆಪಾಸಿಟನ್ಸಿನಿಂದಲೂ ಭಾಗಿಸಿದರೆ ಹೆಚ್ಚುಕಡಿಮೆ ರಿಪಲ್ ವೋಲ್ಟೇಜ್. ಸದ್ದು ಇಲ್ಲದಾಗ ನಮ್ಮ ಚಿಪ್ ಎಳೆಯೋದು 50 ಮಿಲಿಆಂಪಿಯರ್ ಅಂತ ಇಟ್ಕೊಳ್ಳಿ. 1000 ಮೈಕ್ರೋಫ್ಯಾರಡ್ಡಿಗೆ ರಿಪಲ್ ಅರ್ಧ ವೋಲ್ಟ್, 4700ಕ್ಕೆ 0.1 ವೋಲ್ಟ್. ಆದ್ರೆ ಸಪ್ಲೈನಲ್ಲಿರೋ ಈ ರಿಪಲ್ಲನ್ನು ಚಿಪ್ ತಾನೇ ಬಹುಪಾಲು ತಡೆದುಬಿಡುತ್ತೆ. ಅದು ಔಟ್‌ಪುಟ್ಟಿಗೆ ಬರೋದು ತೀರಾ ಕಡಿಮೆ. ಅಂದ್ರೆ ನಮ್ಮ ರೋಗ ರಿಪಲ್ ಆಗಿರಲೇ ಇಲ್ಲ. ರೋಗ ಯಾವುದು ಅಂತ ನೋಡದೆ ಔಷಧಿ ಕುಡಿಸಿದ್ದೆವು.

ಮೊದಲು ಕಿವಿ, ಆಮೇಲೆ ಸೋಲ್ಡರಿಂಗ್ ಐರನ್

ಆ ರಾತ್ರಿ ಕೂತು ಒಂದು ನಿಯಮ ಮಾಡಿಕೊಂಡೆವು. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನೆಲ್ಲ ರಫ್ ಬುಕ್ಕಿನಲ್ಲಿ ಬರೆಯೋದು.

ಮೊದಲನೆಯದು, ಸದ್ದು ಎಂಥದ್ದು ಅಂತ ಕೇಳಿಸಿಕೊಳ್ಳೋದು. ಫೋನಿನಲ್ಲಿ ಸ್ಪೆಕ್ಟ್ರಮ್ ಅನಲೈಸರ್ ಆಪ್ ಸಿಗುತ್ತೆ, ಅದನ್ನು ಸ್ಪೀಕರಿನ ಮುಂದೆ ಹಿಡಿದರೆ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ಕಾಣುತ್ತೆ. ನಮಗೆ ಕಂಡಿದ್ದು ಎರಡು ಗುಂಪು. 50 ಮತ್ತು 150 ಹರ್ಟ್ಸಿನಲ್ಲಿ ಒಂದು, ಇದು ಮೆತ್ತಗಿನ ಗುಂಯ್. 100, 200, 300, 400 ಅಂತ ಸಾಲಾಗಿ ಇನ್ನೊಂದು, ಇದು ಒರಟು ಜರ್ರ್.

ಈ ವ್ಯತ್ಯಾಸ ಮುಖ್ಯ. ರೆಕ್ಟಿಫೈಯರ್ ದಾಟಿದ ಮೇಲಿನ ಎಲ್ಲ ಕಥೆಯೂ 100ರ ಗುಣಕಗಳಲ್ಲಿ ನಡೆಯುತ್ತೆ. 50 ಹರ್ಟ್ಸ್ ಕಾಣ್ತಿದೆ ಅಂದ್ರೆ ಅದು ರೆಕ್ಟಿಫೈಯರ್ ಮೂಲಕ ಬಂದಿದ್ದಲ್ಲ, ನೇರವಾಗಿ ಮೇನ್ಸಿನಿಂದ ಅಥವಾ ಟ್ರಾನ್ಸ್‌ಫಾರ್ಮರಿನಿಂದ ಗಾಳಿಯಲ್ಲೇ ಹಾರಿ ಬಂದಿರೋದು, ಇಲ್ಲಾ ಅರ್ತ್ ದಾರಿಯಿಂದ ನುಗ್ಗಿರೋದು. ಸಣ್ಣ ಸ್ಪೀಕರ್ 50 ಹರ್ಟ್ಸನ್ನು ಸರಿಯಾಗಿ ನುಡಿಸಲ್ಲ, ಹಾಗಾಗಿ ಕಿವಿಯೊಂದನ್ನೇ ನಂಬಿದರೆ ಮೋಸ ಹೋಗಬಹುದು.

ಆಮೇಲೆ ಮಾಡಿದ ಪರೀಕ್ಷೆಗಳು ಇವು. ಮೊದಲ ಮೂರಕ್ಕೆ ಮೀಟರ್ ಕೂಡ ಬೇಡ.

ಒಂದು: ಪವರ್ ಆಫ್ ಮಾಡಿ ಸ್ಪೀಕರ್ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ ಕೇಳಿ. ಇನ್ನೂ ಸದ್ದು ಇದ್ದರೆ ಅದು ಸರ್ಕ್ಯೂಟಿನದಲ್ಲ, ಟ್ರಾನ್ಸ್‌ಫಾರ್ಮರೇ ನಡುಗ್ತಿದೆ. ನಮ್ಮದು ನಡುಗ್ತಿತ್ತು, ತಗಡಿನ ಡಬ್ಬ ಅದಕ್ಕೆ ತಾಳ ಹಾಕ್ತಿತ್ತು. ಬೋಲ್ಟ್ ಬಿಗಿ ಮಾಡಿ ಕೆಳಗೆ ಸೈಕಲ್ ಟ್ಯೂಬಿನ ತುಂಡು ಇಟ್ಟೆವು. ಅಷ್ಟಕ್ಕೆ ಅದು ಮುಗೀತು.

ಎರಡು: ಸ್ಪೀಕರ್ ಹಾಕಿ ವಾಲ್ಯೂಮ್ ಪೂರ್ತಿ ಕಡಿಮೆ ಮಾಡಿ. ಸದ್ದು ಹೋದರೆ ತಪ್ಪು ವಾಲ್ಯೂಮ್ ಕಂಟ್ರೋಲಿನ ಹಿಂದೆ, ಅಂದ್ರೆ ಮೈಕ್, ಕೇಬಲ್, ಪ್ರೀಆಂಪ್ ಕಡೆ. ಹೋಗದಿದ್ದರೆ ಮುಂದೆ, ಅಂದ್ರೆ ಪವರ್ ಆಂಪ್, ಗ್ರೌಂಡ್, ಸಪ್ಲೈ ಕಡೆ. ನಮ್ಮಲ್ಲಿ ಗುಂಯ್ ಹೋಯ್ತು, ಜರ್ರ್ ಉಳೀತು. ಅಲ್ಲಿಗೆ ಇದು ಒಂದು ತಪ್ಪಲ್ಲ, ಬೇರೆ ಬೇರೆ ಎರಡು ತಪ್ಪು ಅಂತ ಖಾತ್ರಿಯಾಯ್ತು. ಎರಡನ್ನೂ ಒಂದೇ ಅಂದುಕೊಂಡಿದ್ದಕ್ಕೇ ಅಷ್ಟು ದಿನ ಒದ್ದಾಡಿದ್ದು.

ಮೂರು: ವಾಲ್ಯೂಮ್ ಹೆಚ್ಚು ಮಾಡಿ ಮೈಕ್ ಇನ್‌ಪುಟ್ಟಿನ ಎರಡು ತುದಿಯನ್ನೂ ಶಾರ್ಟ್ ಮಾಡಿ. ಸದ್ದು ಹೋದರೆ ಅದು ಹೊರಗಿನಿಂದ, ಮೈಕ್ ಅಥವಾ ಕೇಬಲ್ ಮೂಲಕ ಬರ್ತಿದೆ. ಹೋಗದಿದ್ದರೆ ಪ್ರೀಆಂಪಿನ ಒಳಗೇ ಸೇರಿಕೊಳ್ತಿದೆ.

ನಾಲ್ಕು: ಮೈಕಿನ ಲೋಹದ ಮೈ, ವಾಲ್ಯೂಮ್ ಕಂಟ್ರೋಲಿನ ಮೈ ಮುಟ್ಟಿ ನೋಡಿ. ಮುಟ್ಟಿದಾಗ ಸದ್ದು ಬದಲಾದರೆ ಆ ಲೋಹಕ್ಕೆ ಗ್ರೌಂಡ್ ತಲುಪಿಲ್ಲ. ಈ ಪರೀಕ್ಷೆಯನ್ನು ಡಬ್ಬಕ್ಕೆ ಅರ್ತ್ ಸರಿಯಾಗಿದೆ ಅಂತ ಮಲ್ಟಿಮೀಟರಿನಲ್ಲಿ ನೋಡಿಕೊಂಡ ಮೇಲೆ ಮಾತ್ರ ಮಾಡಿ. ಯಾಕೆ ಅಂತ ಮುಂದೆ ಬರುತ್ತೆ.

ಜರ್ರ್ ಎಲ್ಲಿಂದ ಬಂತು

ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀವಿ. ಪಠ್ಯಪುಸ್ತಕದಲ್ಲಿ ಗ್ರೌಂಡ್ ಅಂದ್ರೆ ಮೂರು ಗೆರೆಯ ಒಂದು ಚಿಹ್ನೆ, ಎಲ್ಲ ಕಡೆ ಸೊನ್ನೆ ವೋಲ್ಟ್. ನಿಜವಾದ ಡಬ್ಬದಲ್ಲಿ ಗ್ರೌಂಡ್ ಅಂದ್ರೆ ಒಂದು ವೈರ್. ವೈರಿಗೆ ರೆಸಿಸ್ಟೆನ್ಸ್ ಇದೆ. ಕರೆಂಟ್ ಹರಿದರೆ ಅದರ ಎರಡು ತುದಿಯ ನಡುವೆ ವೋಲ್ಟೇಜ್ ಬಂದೇ ಬರುತ್ತೆ.

ಈಗ ಕೆಪಾಸಿಟರ್ ಹೇಗೆ ಚಾರ್ಜ್ ಆಗುತ್ತೆ ನೋಡಿ. ನಮ್ಮ ಮನೆಗಳಲ್ಲಿ ಕಾರ್ಪೊರೇಷನ್ ನೀರು ಬರೋ ಹಾಗೆ. ದಿನವಿಡೀ ತೊಟ್ಟಿಯಿಂದ ನಿಧಾನಕ್ಕೆ ಖರ್ಚು ಮಾಡ್ತೀವಿ, ನೀರು ಬಿಡೋ ಅರ್ಧ ಗಂಟೆಯಲ್ಲಿ ಅಷ್ಟನ್ನೂ ಧೋ ಅಂತ ತುಂಬಿಸಬೇಕು. ಪ್ರತಿ 10 ಮಿಲಿಸೆಕೆಂಡಿಗೆ ಒಮ್ಮೆ, ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಕೆಪಾಸಿಟರಿನದಕ್ಕಿಂತ ಮೇಲಿರೋ ಒಂದೆರಡು ಮಿಲಿಸೆಕೆಂಡಿನಲ್ಲಿ ಮಾತ್ರ ಚಾರ್ಜ್ ಆಗೋಕೆ ಅವಕಾಶ. ಹಾಗಾಗಿ ಲೋಡ್ 50 ಮಿಲಿಆಂಪಿಯರ್ ಎಳೆದರೂ ಚಾರ್ಜಿಂಗ್ ಕರೆಂಟಿನ ಪಲ್ಸ್ ಅದರ ಎಷ್ಟೋ ಪಟ್ಟು ದೊಡ್ಡದು. ತಮಾಷೆ ಏನಂದ್ರೆ, ಕೆಪಾಸಿಟರ್ ದೊಡ್ಡದಾದಷ್ಟೂ ಅದರ ವೋಲ್ಟೇಜ್ ಕಡಿಮೆ ಇಳಿಯುತ್ತೆ, ಚಾರ್ಜ್ ಆಗೋ ಸಮಯ ಇನ್ನೂ ಕಿರಿದಾಗುತ್ತೆ, ಪಲ್ಸ್ ಇನ್ನೂ ಎತ್ತರವಾಗುತ್ತೆ.

ಪ್ಲಸ್-ಮೈನಸ್ ಸಪ್ಲೈನಲ್ಲಿ ಈ ಪಲ್ಸ್ ಎರಡು ಕೆಪಾಸಿಟರನ್ನು ಸೇರಿಸೋ ನಡುವಿನ ವೈರಿನಲ್ಲಿ ಹರಿಯುತ್ತೆ. ಮೊದಲು ಅವು ಪಕ್ಕಪಕ್ಕದಲ್ಲಿದ್ದವು, ನಡುವೆ ಅರ್ಧ ಸೆಂಟಿಮೀಟರ್. ದೊಡ್ಡವನ್ನು ತಳಕ್ಕೆ ಅಂಟಿಸಿದಾಗ ನಡುವೆ 10 ಸೆಂಟಿಮೀಟರ್ ತೆಳು ವೈರ್ ಬಂತು. ಸಾಲದ್ದಕ್ಕೆ, ಇನ್‌ಪುಟ್ ಗ್ರೌಂಡನ್ನು ಒಂದು ಕೆಪಾಸಿಟರಿನ ಹತ್ತಿರ, ಫೀಡ್‌ಬ್ಯಾಕ್ ಗ್ರೌಂಡನ್ನು ಇನ್ನೊಂದರ ಹತ್ತಿರ ಸೋಲ್ಡರ್ ಮಾಡಿದ್ದೆವು. ಎರಡೂ ಗ್ರೌಂಡೇ ಅಲ್ವಾ ಅಂತ!

ಲೆಕ್ಕ ಹಾಕಿ ನೋಡಿದೆವು. ಅಂಥ ತೆಳು ತಾಮ್ರದ ವೈರ್ 10 ಸೆಂಟಿಮೀಟರಿಗೆ ಸುಮಾರು 9 ಮಿಲಿಓಮ್. ಅರ್ಧ ಆಂಪಿಯರಿನ ಪಲ್ಸ್ ಅಂತ ಅಂದಾಜು ಮಾಡಿದರೂ 4.5 ಮಿಲಿವೋಲ್ಟ್. ಏನೂ ಅಲ್ಲ ಅನಿಸುತ್ತೆ. ಆದ್ರೆ ಅದು ಇನ್‌ಪುಟ್ಟಿನ ಜೊತೆ ಸೇರಿ 33 ಪಟ್ಟು ಆಗುತ್ತೆ, ಸ್ಪೀಕರಿಗೆ ಸುಮಾರು 150 ಮಿಲಿವೋಲ್ಟ್ ಹೋಗುತ್ತೆ. ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಅದು ಧಾರಾಳವಾಗಿ ಕೇಳುತ್ತೆ.

ಪರಿಹಾರ ಸುಲಭ. ಎರಡು ಕೆಪಾಸಿಟರ್ ಮತ್ತೆ ಒಟ್ಟಿಗೆ ತಂದು, ನಡುವೆ ದಪ್ಪ ತಾಮ್ರದ ತಂತಿ ಆದಷ್ಟು ಗಿಡ್ಡವಾಗಿ ಹಾಕಿದೆವು. ಟ್ರಾನ್ಸ್‌ಫಾರ್ಮರಿನ ಸೊನ್ನೆ ವೈರ್ ಬರೋದು ಆ ತಂತಿಗೇ. ಆ ತಂತಿಯ ಮಧ್ಯದಿಂದ ಒಂದೇ ಒಂದು ದಪ್ಪ ವೈರ್ ತೆಗೆದು, ಸ್ವಲ್ಪ ದೂರದಲ್ಲಿ ಒಂದು ಬಿಂದು ಮಾಡಿದೆವು. ಸ್ಪೀಕರ್ ರಿಟರ್ನ್, ಇನ್‌ಪುಟ್ ಮತ್ತು ಫೀಡ್‌ಬ್ಯಾಕಿನ ಗ್ರೌಂಡ್, ಪ್ರೀಆಂಪಿನ ಗ್ರೌಂಡ್, ಇವೆಲ್ಲ ಬೇರೆ ಬೇರೆ ವೈರಿನಲ್ಲಿ ಬಂದು ಆ ಬಿಂದುವಿನಲ್ಲೇ ಸೇರಬೇಕು. ಅಲ್ಲಿಂದ ಡಬ್ಬದ ಮೈಗೆ ಒಂದು ವೈರ್. ಇದಕ್ಕೇ ಸ್ಟಾರ್ ಗ್ರೌಂಡ್ ಅನ್ನೋದು. ಹಾಸ್ಟೆಲಿನಲ್ಲಿ ಪಕ್ಕದ ಬಾತ್‌ರೂಮಿನವರು ನಲ್ಲಿ ತಿರುಗಿಸಿದ್ರೆ ನಿಮ್ಮ ಶವರ್ ಸಣ್ಣಗಾಗುತ್ತಲ್ಲ, ಪೈಪ್ ಒಂದೇ ಆಗಿರೋದಕ್ಕೆ ಹಾಗೆ. ಪ್ರತಿಯೊಬ್ಬರಿಗೂ ಟ್ಯಾಂಕಿನಿಂದಲೇ ಬೇರೆ ಪೈಪ್ ಎಳೆದರೆ ಆ ತೊಂದರೆ ಇಲ್ಲ.

ವಾಲ್ಯೂಮ್ ಸೊನ್ನೆಯಲ್ಲಿಟ್ಟು ಆನ್ ಮಾಡಿದೆವು. ಆನ್ ಆಗಿದೆಯೋ ಇಲ್ಲವೋ ಅಂತ ಎಲ್‌ಇಡಿ ನೋಡಿ ಖಾತ್ರಿ ಮಾಡ್ಕೋಬೇಕಾಯ್ತು.

ಗುಂಯ್ ಎಲ್ಲಿಂದ ಬಂತು

ವಾಲ್ಯೂಮ್ ಏರಿಸಿದರೆ ಗುಂಯ್ ಇನ್ನೂ ಇತ್ತು. ಮೈಕ್ ಇನ್‌ಪುಟ್ ಶಾರ್ಟ್ ಮಾಡಿದರೂ ಇತ್ತು. ಅಂದ್ರೆ ಕಳ್ಳ ಮನೆಯೊಳಗೇ ಇದ್ದಾನೆ.

ಪ್ರೀಆಂಪ್ ಬೋರ್ಡ್ ಇದ್ದಿದ್ದು ಟ್ರಾನ್ಸ್‌ಫಾರ್ಮರಿನಿಂದ ಎರಡು ಬೆರಳಿನಷ್ಟು ದೂರದಲ್ಲಿ. ಮಾಮೂಲಿ ಟ್ರಾನ್ಸ್‌ಫಾರ್ಮರಿನ ಕೋರ್‌ನಿಂದ ಕಾಂತಕ್ಷೇತ್ರ ಸ್ವಲ್ಪ ಹೊರಗೂ ಚೆಲ್ಲುತ್ತೆ. ಆ ಕ್ಷೇತ್ರದಲ್ಲಿ ಯಾವುದೇ ವೈರಿನ ಸುತ್ತು ಇದ್ದರೂ ಅದರಲ್ಲಿ 50 ಹರ್ಟ್ಸಿನ ವೋಲ್ಟೇಜ್ ಹುಟ್ಟುತ್ತೆ. ಪಿಯುಸಿಯಲ್ಲಿ ಓದಿದ ಫ್ಯಾರಡೆ ನಿಯಮವೇ. 100 ಪಟ್ಟು ಗೇನ್ ಇರೋ ಪ್ರೀಆಂಪಿಗೆ ಅದು ಸಾಕು.

ಪ್ಲಗ್ ಕಿತ್ತು, ಟ್ರಾನ್ಸ್‌ಫಾರ್ಮರಿನ ಬೋಲ್ಟ್ ಬಿಚ್ಚಿ, 90 ಡಿಗ್ರಿ ತಿರುಗಿಸಿ ಇಟ್ಟು, ಮತ್ತೆ ಪ್ಲಗ್ ಹಾಕಿ ದೂರದಿಂದ ಕೇಳಿದೆವು. ಗುಂಯ್ ಅರ್ಧಕ್ಕಿಂತ ಕಡಿಮೆ ಆಯ್ತು. ಆನ್ ಇರುವಾಗ ಕೈಯಲ್ಲಿ ಹಿಡಿದು ತಿರುಗಿಸೋ ವೀರರು ಇದ್ದಾರೆ, ನೀವು ಹಾಗೆ ಮಾಡಬೇಡಿ, ಅದರ ಒಂದು ಕಡೆ 230 ವೋಲ್ಟ್ ಇದೆ. ಕೊನೆಗೆ ಟ್ರಾನ್ಸ್‌ಫಾರ್ಮರನ್ನು ಡಬ್ಬದ ಒಂದು ಮೂಲೆಗೂ ಪ್ರೀಆಂಪನ್ನು ಎದುರು ಮೂಲೆಗೂ ಕಳಿಸಿದೆವು. ಸಿಗ್ನಲ್ ವೈರನ್ನೂ ಅದರ ಗ್ರೌಂಡ್ ವೈರನ್ನೂ ಹೆಣೆದು ಒಟ್ಟಿಗೆ ಒಯ್ದೆವು, ನಡುವೆ ಸುತ್ತಿನ ಜಾಗ ಉಳಿಯದ ಹಾಗೆ.

ಉಳಿದ ಚೂರು ಗುಂಯ್ ಮೈಕ್ ಹಾಕಿದಾಗ ಮಾತ್ರ ಬರ್ತಿತ್ತು, ಮೈಕಿನ ಮೈ ಮುಟ್ಟಿದರೆ ಬದಲಾಗ್ತಿತ್ತು. ಜ್ಯಾಕ್ ಬಿಚ್ಚಿ ನೋಡಿದರೆ ಶೀಲ್ಡಿನ ಸೋಲ್ಡರ್ ಬಿಟ್ಟುಕೊಂಡಿದೆ. ಹೊರಗಿನ ಹೆಣಿಗೆಗೆ ಗ್ರೌಂಡ್ ಸಿಗದಿದ್ದರೆ ಐದು ಮೀಟರ್ ಮೈಕ್ ಕೇಬಲ್ ಅಂದ್ರೆ ಐದು ಮೀಟರ್ ಆಂಟೆನಾ. ಎರಡು ನಿಮಿಷದ ಸೋಲ್ಡರಿಂಗ್.

ಅರ್ತ್ ಪಿನ್ ಕಥೆ

ಇಷ್ಟೆಲ್ಲ ಆದ ಮೇಲೆ ಕವಿಗೋಷ್ಠಿಗೆ ಎರಡು ದಿನ ಉಳಿದಿತ್ತು. ಲ್ಯಾಪ್‌ಟಾಪ್ ಸಿಕ್ಕಿಸಿದೆವು. ಮತ್ತೆ ಜುಂಯ್!

ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತರೆ ಸದ್ದು ಪೂರ್ತಿ ನಿಲ್ಲುತ್ತೆ. ಹಾಕಿದರೆ ಬರುತ್ತೆ. ಇದು ಗ್ರೌಂಡ್ ಲೂಪ್. ಚಾರ್ಜರ್ ಮೂರು ಪಿನ್ನಿನದು, ಲ್ಯಾಪ್‌ಟಾಪಿನ ಗ್ರೌಂಡ್ ಅದರ ಮೂಲಕ ಗೋಡೆಯ ಅರ್ತಿಗೆ ಹೋಗುತ್ತೆ. ನಮ್ಮ ಡಬ್ಬವೂ ಮೂರು ಪಿನ್ನಿನದು, ಅದೂ ಬೇರೊಂದು ಸಾಕೆಟ್ಟಿನ ಅರ್ತಿಗೆ ಹೋಗುತ್ತೆ. ಎರಡನ್ನೂ ಆಡಿಯೋ ಕೇಬಲ್ಲಿನ ಶೀಲ್ಡ್ ಸೇರಿಸುತ್ತೆ. ಒಂದು ದೊಡ್ಡ ಉಂಗುರ ಆಯ್ತು. ಎರಡು ಸಾಕೆಟ್ಟಿನ ಅರ್ತ್ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದರೂ ಆ ಉಂಗುರದಲ್ಲಿ ಕರೆಂಟ್ ಹರಿಯುತ್ತೆ, ಅದು ಶೀಲ್ಡಿನ ರೆಸಿಸ್ಟೆನ್ಸಿನಲ್ಲಿ ಉಂಟುಮಾಡೋ ವೋಲ್ಟೇಜು ಸಿಗ್ನಲ್ಲಿಗೆ ಸೇರುತ್ತೆ.

ಉಂಗುರ ಮುರಿದರೆ ಸದ್ದು ನಿಲ್ಲುತ್ತೆ. ಅದಕ್ಕೆ ನಮ್ಮಲ್ಲೊಬ್ಬ ಅತಿ ಸುಲಭದ ದಾರಿ ಕಂಡುಕೊಂಡ. ಡಬ್ಬದ ಪ್ಲಗ್ ಬಿಚ್ಚಿ ಹಸಿರು ವೈರ್ ಕಿತ್ತುಹಾಕಿದ. ನಿಶ್ಶಬ್ದ! ನಾವು ಮೂವರೂ ಕುಣಿದಾಡಿದೆವು. ಇದು ಸರಿಯಲ್ಲ ಅಂತ ನಮಗೆ ಗೊತ್ತಿರಲಿಲ್ಲ ಅಂತಲ್ಲ. ಫಸ್ಟ್ ಇಯರಿನಲ್ಲಿ ಅರ್ತಿಂಗ್ ಬಗ್ಗೆ ಪ್ರಶ್ನೆ ಬಂದು, ಉತ್ತರ ಬರೆದು, ಮಾರ್ಕ್ಸ್ ಕೂಡ ತಗೊಂಡಿದ್ದೆವು. "ಒಂದು ಸಂಜೆ ತಾನೇ" ಅಂದುಕೊಂಡೆವು.

ಮಾರನೇ ದಿನ ಡಿಎಸ್‌ಒದಲ್ಲಿ ಔಟ್‌ಪುಟ್ ತೋರಿಸೋಣ ಅಂತ ಜಂಬದಿಂದ ಡಬ್ಬವನ್ನು ಲ್ಯಾಬಿಗೆ ಒಯ್ದೆವು. ಲ್ಯಾಬ್ ಸರ್ ಸ್ಕ್ರೀನ್ ನೋಡಲೇ ಇಲ್ಲ, ಮೊದಲು ಪ್ಲಗ್ ನೋಡಿದರು.

"ಅರ್ತ್ ಎಲ್ಲಿಗ್ ಹೋಯ್ತ್ರೋ?"

"ಹಮ್ ಬರ್ತಿತ್ತು ಸರ್, ಅದಕ್ಕೆ..."

ಸರ್ ಮಾತಾಡಲಿಲ್ಲ. ಲ್ಯಾಪ್‌ಟಾಪಿನ ಕೇಬಲ್ ಕೀಳೋಕೆ ಹೇಳಿದರು. ಜೇಬಿನಿಂದ ಟೆಸ್ಟರ್ ತೆಗೆದು ಮೈಕಿನ ಜಾಲರಿಗೆ ಮುಟ್ಟಿಸಿದರು. ಟೆಸ್ಟರಿನ ದೀಪ ಮಂಕಾಗಿ ಹೊತ್ತಿಕೊಳ್ತು.

"ಇದು ಬರೀ ಲೀಕೇಜ್. ಮುಟ್ಟಿದ್ರೆ ಜುಮ್ ಅನ್ಬೋದು, ಅಷ್ಟೇ. ಇನ್ಸುಲೇಷನ್ ಹೋದ್ರೆ ಪೂರ್ತಿ 230 ಇಲ್ಲಿಗೇ ಬರುತ್ತೆ. ಡಬ್ಬ ಬಿಚ್ಚಿ" ಅಂದರು.

ಪ್ಲಗ್ ಕಿತ್ತು ಬಿಚ್ಚಿದೆವು. ಮೇನ್ಸ್ ವೈರ್ ಒಳಗೆ ಬರೋಕೆ ತಗಡಿನಲ್ಲಿ ನಾವೇ ಕೊರೆದಿದ್ದ ತೂತು ಇತ್ತು. ಅದಕ್ಕೆ ರಬ್ಬರ್ ಬುಷ್ ಹಾಕಿರಲಿಲ್ಲ. ಒಂದು ವಾರದಿಂದ ಡಬ್ಬ ಎತ್ತಿ ಇಳಿಸಿ, ವೈರ್ ಎಳೆದಾಡಿ, ತಗಡಿನ ಅಂಚು ಫೇಸ್ ವೈರಿನ ಮೇಲ್ಪದರ ಕೊಯ್ದುಬಿಟ್ಟಿತ್ತು. ಒಳಗಿನ ತಾಮ್ರ ಸಣ್ಣಗೆ ಹೊಳೀತಿತ್ತು. ಇನ್ನೊಂದು ಸಲ ಜೋರಾಗಿ ಎಳೆದಿದ್ದರೆ ತಗಡಿಗೆ ತಾಗ್ತಿತ್ತು.

ಅರ್ತ್ ಇದ್ದಿದ್ದರೆ ಆಗ ಏನಾಗ್ತಿತ್ತು? ತಾಗಿದ ಕೂಡಲೇ ಭಾರಿ ಕರೆಂಟ್ ಅರ್ತಿಗೆ ಹರಿದು ಎಂಸಿಬಿ ಟ್ರಿಪ್ ಆಗ್ತಿತ್ತು. ಕಾರ್ಯಕ್ರಮ ಹತ್ತು ನಿಮಿಷ ನಿಲ್ತಿತ್ತು, ನಮಗೆ ಮರ್ಯಾದೆ ಹೋಗ್ತಿತ್ತು. ಅರ್ತ್ ಇಲ್ಲದಿದ್ದರೆ ಏನೂ ಟ್ರಿಪ್ ಆಗಲ್ಲ, ಡಬ್ಬ ಸುಮ್ಮನೆ 230 ವೋಲ್ಟಿನಲ್ಲಿ ಕಾದು ಕೂತಿರುತ್ತೆ. ಡಬ್ಬದ ಮೈ ಸ್ಟಾರ್ ಬಿಂದುವಿಗೆ ಸೇರಿದೆ, ಬಿಂದು ಮೈಕಿನ ಶೀಲ್ಡಿಗೆ ಸೇರಿದೆ, ಶೀಲ್ಡ್ ಮೈಕಿನ ಲೋಹದ ಮೈಗೆ ಸೇರಿದೆ. ನಾವೇ ಎರಡು ದಿನ ಮುಂಚೆ ಸೋಲ್ಡರ್ ಹಾಕಿ ಗಟ್ಟಿ ಮಾಡಿದ್ದು. ಲ್ಯಾಪ್‌ಟಾಪ್ ಇದ್ದರೆ ಅದರ ಆಡಿಯೋ ಕೇಬಲ್ಲಿನ ಕೂದಲೆಳೆಯಂಥ ಶೀಲ್ಡೊಂದೇ ಅರ್ತ್. ಅದು ಎಂಸಿಬಿ ಬೀಳುವ ಮೊದಲೇ ಸುಟ್ಟುಹೋಗಬಹುದು.

ನಮ್ಮ ಕಾರ್ಯಕ್ರಮಗಳು ಹೇಗೆ ಶುರುವಾಗುತ್ತೆ ನಿಮಗೆ ಗೊತ್ತೇ ಇದೆ. ಓಪನ್ ಸ್ಟೇಜಿಗೆ ಬೆಳಿಗ್ಗೆ ನೀರು ಹಾಕಿ ತೊಳೀತಾರೆ. ದೀಪ ಹಚ್ಚೋಕೆ ಎಲ್ಲರೂ ಚಪ್ಪಲಿ ಬಿಟ್ಟು ಬರ್ತಾರೆ. ಆಮೇಲೆ ಬರಿಗಾಲಲ್ಲೇ ಮೈಕ್ ಹಿಡೀತಾರೆ. ನಮ್ಮ ಪಟ್ಟಿಯಲ್ಲಿ ಮೊದಲ ಹೆಸರು ಫಸ್ಟ್ ಇಯರಿನ ಒಬ್ಬ ಹುಡುಗಿಯದು, ಮೊದಲ ಸಲ ಸ್ಟೇಜ್ ಹತ್ತೋಳು. ಲ್ಯಾಬಿನಲ್ಲಿ ನಮ್ಮಲ್ಲಿ ಯಾರಿಗೂ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಸರ್ ಬೈಯಲೂ ಇಲ್ಲ. "ಸದ್ದು ಬಂದ್ರೆ ಜನ ಬೈತಾರೆ, ಬೈಸ್ಕೊಳ್ಳಿ. ಅರ್ತ್ ಮಾತ್ರ ಮುಟ್ಟಬೇಡಿ" ಅಂತ ಹೇಳಿ ಒಂದು ರಬ್ಬರ್ ಬುಷ್ ಹುಡುಕಿ ಕೊಟ್ಟರು.

ಉಂಗುರ ಮುರಿಯೋ ಸರಿಯಾದ ದಾರಿ

ಮೇನ್ಸ್ ಕೇಬಲ್ ಹೊಸದು ಹಾಕಿದೆವು, ತೂತಿಗೆ ಬುಷ್, ಒಳಗೆ ಗಂಟಿನ ಬದಲು ಕೇಬಲ್ ಕ್ಲಾಂಪ್. ಹಸಿರು ವೈರನ್ನು ಬಣ್ಣ ಕೆರೆದ ತಗಡಿಗೆ ಬೋಲ್ಟ್ ಹಾಕಿ ಬಿಗಿದೆವು. ಪ್ಲಗ್ಗಿನ ದಪ್ಪ ಪಿನ್ನಿನಿಂದ ಡಬ್ಬದ ಮೈಗೆ ಕಂಟಿನ್ಯುಟಿ ಇದೆಯಾ ಅಂತ ಮಲ್ಟಿಮೀಟರಿನಲ್ಲಿ ನೋಡಿದೆವು. ಮೊದಲ ಸಲ ಆನ್ ಮಾಡುವಾಗ 60 ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಮಾಡಿದೆವು. ಬಲ್ಬ್ ಜೋರಾಗಿ ಉರಿದೇ ಇದ್ದರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ, ಒಂದು ಸಲ ಮಿಂಚಿ ಮಂಕಾದರೆ ಸರಿ.

ಅರ್ತ್ ಮುಟ್ಟದೆ ಗ್ರೌಂಡ್ ಲೂಪಿಗೆ ಮಾಡಬಹುದಾದ್ದು ಮೂರು. ಮೊದಲನೆಯದು ಪುಕ್ಕಟೆ. ಲ್ಯಾಪ್‌ಟಾಪನ್ನೂ ಡಬ್ಬವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಎರಡು ಅರ್ತ್ ಪಕ್ಕಪಕ್ಕ ಬಂದರೆ ಅವುಗಳ ನಡುವಿನ ವೋಲ್ಟೇಜ್ ಇಳಿಯುತ್ತೆ. ನಮ್ಮಲ್ಲಿ ಇದರಿಂದಲೇ ಬಹಳಷ್ಟು ಕಡಿಮೆ ಆಯ್ತು. ಎರಡನೆಯದೂ ಪುಕ್ಕಟೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ. ಮೂರನೆಯದಕ್ಕೆ ಸ್ವಲ್ಪ ದುಡ್ಡು ಬೇಕು. ಆಡಿಯೋ ಲೈನಿನ ನಡುವೆ ಒಂದು ಪುಟ್ಟ ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಿ. ಕಾರ್ ಸ್ಟೀರಿಯೋದವರು ಬಳಸ್ತಾರಲ್ಲ, ಗ್ರೌಂಡ್ ಲೂಪ್ ಐಸೊಲೇಟರ್ ಅಂತಲೇ ಸಿಗುತ್ತೆ. ಸಿಗ್ನಲ್ ಕಾಂತಕ್ಷೇತ್ರದ ಮೂಲಕ ದಾಟುತ್ತೆ, ಗ್ರೌಂಡ್ ವೈರ್ ದಾಟಲ್ಲ. ಅಗ್ಗದ್ದರಲ್ಲಿ ಬೇಸ್ ಸ್ವಲ್ಪ ಕಡಿಮೆಯಾಗುತ್ತೆ, ಕವಿತೆ ಓದೋಕೆ ಅದೇನೂ ನಷ್ಟವಲ್ಲ. ಉಂಗುರವನ್ನು ಮುರಿಯಬೇಕಾದ ಜಾಗ ಸಿಗ್ನಲ್ ಕಡೆ, ಮೇನ್ಸ್ ಕಡೆ ಅಲ್ಲ.

ಆ ಸಂಜೆ

ಕವಿಗೋಷ್ಠಿ ನಡೀತು. ಡಬ್ಬ ಸ್ಟೇಜಿನ ಪಕ್ಕದಲ್ಲಿ ಒಣ ಮರದ ಬೆಂಚಿನ ಮೇಲೆ ಕೂತಿತ್ತು, ನಾವು ಅದರ ಪಕ್ಕ. ಶುರುವಾಗೋ ಮುಂಚೆ ನಮ್ಮಲ್ಲೊಬ್ಬ ಟೆಸ್ಟರ್ ಹಿಡಿದು ಮೈಕಿಗೆ ಮೂರು ಸಲ ಮುಟ್ಟಿಸಿ ನೋಡಿದ. ಸ್ಟೇಜಿನ ಮೇಲೆ ರಬ್ಬರ್ ಮ್ಯಾಟ್ ಹಾಸಿದ್ದೆವು, ಅದನ್ನು ಲ್ಯಾಬಿನಿಂದ ಕೇಳಿ ತಂದಿದ್ದು. ದೀಪ ಹಚ್ಚಿದರು. ಆ ಹುಡುಗಿ ಬರಿಗಾಲಲ್ಲೇ ಬಂದು ಮ್ಯಾಟಿನ ಮೇಲೆ ನಿಂತು ಓದಿದಳು. ಎರಡನೇ ಸಾಲಿನಲ್ಲಿ ಮರೆತು ಸುಮಾರು ಹೊತ್ತು ನಿಂತುಬಿಟ್ಟಳು. ಪೂರ್ತಿ ಮೌನ. ನಾವು ಮೂವರು ಮಾತ್ರ ಆ ಮೌನ ಕೇಳಿಸಿಕೊಳ್ತಾ ಕೂತಿದ್ದೆವು. ಆಮೇಲೆ ನೆನಪಾಗಿ ಮುಂದುವರಿಸಿದಳು.

ಕಿವಿಯನ್ನು ಸ್ಪೀಕರಿಗೆ ಅಂಟಿಸಿದರೆ ಈಗಲೂ ಸಣ್ಣಗೆ ಕೇಳುತ್ತೆ, ಅದನ್ನು ಪೂರ್ತಿ ಸೊನ್ನೆ ಮಾಡೋಕೆ ನಮ್ಮಿಂದ ಆಗಿಲ್ಲ. ಎರಡು ಹೆಜ್ಜೆ ಹಿಂದೆ ಸರಿದರೆ ಕೇಳಲ್ಲ. ಡಬ್ಬ ಈಗ ಸಂಘದ ರೂಮಿನ ಅಲ್ಮೇರಾದಲ್ಲಿದೆ. ಯಾರಿಗಾದರೂ ಕಾರ್ಯಕ್ರಮಕ್ಕೆ ಬೇಕಿದ್ದರೆ ತಗೊಂಡು ಹೋಗಬಹುದು. ಮುಚ್ಚಳದ ಒಳಗೆ ಸರ್ಕ್ಯೂಟ್ ಚಿತ್ರ ಅಂಟಿಸಿದ್ದೀವಿ, ರಫ್ ಬುಕ್ ಕೂಡ ಜೊತೆಗೇ ಇದೆ. ಪ್ಲಗ್ ಮೇಲೆ ಕೆಂಪು ಮಾರ್ಕರಿನಲ್ಲಿ 'ಅರ್ತ್ ಕೀಳಬಾರದು' ಅಂತ ಬರೆದಿದ್ದೀವಿ. ಅಕ್ಷರ ಸ್ವಲ್ಪ ಸೊಟ್ಟ ಇದೆ, ಕನ್ನಡದಲ್ಲಿ ಬರೆದು ಅಭ್ಯಾಸ ಕಡಿಮೆ, ಕ್ಷಮಿಸಿ.